ಹೊಳೆ ತುಂಬಿದಾಗ ಆಡಬೇಕಾದ ಮಾತು



ಸಾರ್ವಜನಿಕ ಜೀವನದ ಕೆಲವು ವ್ಯಾಧಿಗಳು ಬಿಟ್ಟು ಬಿಟ್ಟು ಬರುವ ಜ್ವರದಂತೆ ಇರುತ್ತವೆ. ನಡುನಡುವೆ ಮೈ ತಣ್ಣಗಾದಾಗ ವಾಸಿಯಾಯಿತೆಂದು ಭ್ರಮಿಸಿ ನಾವು ಔಷಧವನ್ನು ಮರೆಯುತ್ತೇವೆ. ಮುಂದಿನ ಸರದಿಯಲ್ಲಿ ಜ್ವರವು ಇನ್ನಷ್ಟು ಏರುತ್ತದೆ. ಕಾವೇರಿಯ ನೀರಿನ ವಿವಾದವು ಈ ಜಾತಿಗೆ ಸೇರಿದುದು.

ಇದರ ಚರಿತ್ರೆ ದೀರ್ಘವಾದುದು. ಮೈಸೂರು ಮತ್ತು ಮದರಾಸುಗಳ ನಡುವೆ 1892ರಲ್ಲಿಯೂ 1924ರಲ್ಲಿಯೂ ಒಪ್ಪಂದಗಳಾದುವು. ಎರಡನೆಯದರ ಕೆಲವು ಷರತ್ತುಗಳನ್ನು ಐವತ್ತು ವರ್ಷಗಳ ತರುವಾಯ, ಎಂದರೆ 1974ರಲ್ಲಿ, ಪುನಃ ಪರಿಶೀಲಿಸಬೇಕಾಗಿದ್ದಿತು. ಒಮ್ಮತವು ಕೂಡಿಬರಲಿಲ್ಲ. 1990ರಲ್ಲಿ ನ್ಯಾಯಮಂಡಲಿಯು ಏರ್ಪಟ್ಟಿತು. 2007ರಲ್ಲಿ ಅದರ ಅಂತಿಮ ತೀರ್ಪು ಹೊರಬಿದ್ದಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಿದ್ದಿ, ಸಾಧಾರಣ ವರ್ಷವೊಂದರಲ್ಲಿ ಬಿಳಿಗುಂಡ್ಲುವಿನಲ್ಲಿ 177.25 ಟಿ.ಎಂ.ಸಿ. ನೀರು ಹರಿಯಬೇಕೆಂದು ವಿಧಿಸಿತು.

ಕಾಗದದ ಮೇಲೆ ವ್ಯಾಜ್ಯವು ತೀರಿತು, ಸರಿಯೆ. ಆದರೆ 'ಸಾಧಾರಣ ವರ್ಷ' ಎಂಬ ಮಾತನ್ನು ಸ್ವಲ್ಪ ವಿಚಾರಿಸಿ ನೋಡೋಣ. ನ್ಯಾಯಮಂಡಲಿಯು ಹಂಚಿದ ಒಟ್ಟು ನೀರು 740 ಟಿ.ಎಂ.ಸಿ. ಇದು ನೂರಕ್ಕೆ ಐವತ್ತು ವರ್ಷಗಳಲ್ಲಿ ದೊರೆಯಬಹುದೆಂದು ಲೆಕ್ಕ ಹಾಕಿದ ಮೊತ್ತ. ಹಾಗಾದಮೇಲೆ ಉಳಿದ ವರ್ಷಗಳಲ್ಲಿ ನೀರು ಇದಕ್ಕಿಂತ ಕಡಮೆಯೆಂಬುದು ಸ್ವತಸ್ಸಿದ್ಧ. ಆದುದರಿಂದ ಕೊರತೆಯು ಅಕಸ್ಮಾತ್ತಾಗಿ ಬಂದೆರಗುವ ವಿಪತ್ತಲ್ಲ, ಲೆಕ್ಕದಲ್ಲಿಯೇ ಅಡಗಿರತಕ್ಕದ್ದು. ಅಂಥ ವರ್ಷದಲ್ಲಿ ಎಲ್ಲರ ಪಾಲೂ ಪ್ರಮಾಣಾನುಸಾರವಾಗಿ ಇಳಿಯಬೇಕೆಂದು ತೀರ್ಪು ಹೇಳುತ್ತದೆ. ಕೊರತೆಯನ್ನು ಯಾವ ತಿಂಗಳಿನಲ್ಲಿ, ಯಾವ ಅಳತೆಯಿಂದ ನಿರ್ಣಯಿಸಬೇಕೆಂಬಲ್ಲಿಯೇ ಜಗಳ ಹುಟ್ಟುವುದು.

ಪ್ರಕೃತಿಯೂ ಈ ತೊಡಕನ್ನು ಹೆಚ್ಚಿಸಿದೆ. ಕೊಡಗಿನ ಮಲೆಗಳಲ್ಲಿ ಮುಂಗಾರು ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುತ್ತದೆ. ತಂಜಾವೂರಿನ ಬಯಲಿಗೆ ಮುಖ್ಯವಾದ ಮಳೆ ಅಕ್ಟೋಬರಿನ ಮೇಲೆ. ಕೆಳಗಿನ ರೈತನ ಕುರುವೈ ಬೆಳೆಗೆ ಜೂನಿನಲ್ಲಿಯೇ ಮೆಟ್ಟೂರಿನ ನೀರು ಬೇಕು. ಮಂಡ್ಯದ ರೈತನು ಅದೇ ದಿನಗಳಲ್ಲಿ ಕನ್ನಂಬಾಡಿಯ ಮಟ್ಟವನ್ನು ನೋಡುತ್ತಾ ಆಕಾಶದ ಕಡೆಗೆ ಮುಖವೆತ್ತಿರುತ್ತಾನೆ. ಇಬ್ಬರ ಭಯವೂ ನಿಜವಾದುದೆ.

ಈ ಭಯವು ಬೀದಿಗಿಳಿದಾಗ ಆದ ಅನರ್ಥವನ್ನು ನಾವು ಬಲ್ಲೆವು. 1991ರ ಡಿಸೆಂಬರಿನಲ್ಲಿ ಮಧ್ಯಂತರ ಆದೇಶದ ತರುವಾಯ, ಮತ್ತೆ 2016ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ ಹಿಂಸೆ ನಡೆದು ಪ್ರಾಣಹಾನಿಯಾಯಿತು. ನದಿಯ ಮೇಲಿನ ಮುನಿಸನ್ನು ಭಾಷೆಯ ಮೇಲೆ ತೀರಿಸಿಕೊಂಡರು. 2023ರಲ್ಲಿ ಮಳೆ ತಪ್ಪಿದಾಗ ಒಂದೇ ವಾರದೊಳಗೆ ಎರಡು ಬಂದ್‌ಗಳಾದುವು. ಮುಂದೆ ನಗರದ ದಾಹ ಇನ್ನೂ ಹೆಚ್ಚುವುದು: 2024ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಕಾವೇರಿಯ ಐದನೆಯ ಹಂತದ ನೀರು ಬಂದಿತು. ಬೇಡುವ ಬಾಯಿಗಳು ಹೆಚ್ಚಿದಂತೆಲ್ಲಾ ಸಹನೆಯ ಕಟ್ಟೆ ತೆಳ್ಳಗಾಗುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಬಾಯಾರಿದಾಗ ಬಾವಿ ತೋಡುವುದನ್ನು ಬಿಟ್ಟು, ಅಣೆಕಟ್ಟುಗಳು ತುಂಬಿದ ವರ್ಷದಲ್ಲಿಯೇ ಕೊರತೆಯ ಸೂತ್ರವನ್ನು ಕುಳಿತು ನಿಶ್ಚಯಿಸಿಕೊಳ್ಳಬೇಕು. ಮಳೆ ಇಷ್ಟು ಕುಂದಿದರೆ ಕಾಲುವೆಗೆ ಇಷ್ಟು, ಕುಡಿಯುವುದಕ್ಕೆ ಇಷ್ಟು, ಕೆಳಗಿನವರಿಗೆ ಇಷ್ಟು ಎಂಬ ಪಟ್ಟಿಯು ಬಿತ್ತನೆಗೆ ಮೊದಲೇ ಎರಡು ಕಡೆಯ ರೈತರ ಕೈಯಲ್ಲಿರಬೇಕು. ಆಗ ಆತನು ಬತ್ತವೋ ರಾಗಿಯೋ ಎಂಬುದನ್ನು ತಿಳಿದು ನಿರ್ಧರಿಸುವನು. 2018ರಲ್ಲಿ ಸ್ಥಾಪಿತವಾದ ಕಾವೇರಿ ಜಲ ನಿರ್ವಹಣಾ ಪ್ರಾಧಿಕಾರವು ಈ ಕಾರ್ಯಕ್ಕೆ ಯೋಗ್ಯವಾದ ಸ್ಥಾನ.

ಇದು ಬರಿಯ ಕನಸೆಂದು ತಳ್ಳಿಹಾಕಕೂಡದು. 2003ರಲ್ಲಿ ಎರಡೂ ರಾಜ್ಯಗಳ ರೈತರು 'ಕಾವೇರಿ ಕುಟುಂಬ' ಎಂಬ ಹೆಸರಿನಲ್ಲಿ ಕೂಡಿ, ಪರಸ್ಪರರ ಹೊಲಗಳಿಗೆ ಹೋಗಿ ಕಷ್ಟಸುಖ ವಿಚಾರಿಸಿದರು. ಅವರ ಸಭೆಗಳಿಂದ ವಿವಾದವು ಮುಗಿಯಲಿಲ್ಲ. ಆದರೆ ಎದುರಾಳಿಯೂ ನಮ್ಮಂತೆಯೇ ಒಕ್ಕಲಿನವನೆಂಬುದು ಅವರಿಗೆ ಕಣ್ಣಾರೆ ತಿಳಿಯಿತು.

ಕನ್ನಂಬಾಡಿ ತುಂಬಿದಾಗ ಬಾಗಿನ ಅರ್ಪಿಸುವುದು ನಮ್ಮಲ್ಲಿ ಸಂಪ್ರದಾಯ. ಅದೇ ವಾರದಲ್ಲಿ ಒಂದು ದಿನವನ್ನು ಬರಗಾಲದ ಲೆಕ್ಕಕ್ಕೂ ಮೀಸಲಿಟ್ಟರೆ, ಆ ಪೂಜೆಯು ಪೂರ್ಣವಾದೀತೆಂದು ನಾವು ನಂಬುತ್ತೇವೆ.