ಗೋವಿನಜೋಳ ತೊಳೆದ ನೀರು



ನಮ್ಮ ಹಂಸಭಾವಿ ಸೀಮೆಯಲ್ಲಿ ಹಗೇವು, ಅಂದರೆ ನೆಲದಡಿಯ ಕಾಳಿನ ಕಣಜ, ತೆಗೆಯುವ ದಿನ ಒಳಗೆ ಮೊದಲು ಇಳಿಯುತ್ತಿದ್ದದ್ದು ಆಳಲ್ಲ, ಹಗ್ಗಕ್ಕೆ ಕಟ್ಟಿದ ಕಂದೀಲು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ. ಕಾಳು ಉಸಿರಾಡಿ, ತೇವಕ್ಕೆ ಹುದುಗಿ, ಒಳಗಿನ ಆಮ್ಲಜನಕವನ್ನು ತೀರಿಸಿಬಿಟ್ಟಿರುತ್ತಿತ್ತು. ಅದು ತೀರಿದ ಮೇಲೂ ಕೆಲಸ ಮಾಡುವ ಜೀವಿಗಳಿವೆ. ಕಾರ್ಖಾನೆಯ ಕೊಳೆನೀರನ್ನು ಅವುಗಳ ಕೈಗೆ ಒಪ್ಪಿಸುವ ವಿದ್ಯೆಯೇ ಇಂದಿನ ವಿಷಯ.

ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿಯ ಹೊಲಗಳಲ್ಲಿ ಮುಂಗಾರಿಗೆ ಎತ್ತ ನೋಡಿದರೂ ಗೋವಿನಜೋಳ. ಒಂದು ಪಾಲು ಕೋಳಿಯ ಆಹಾರಕ್ಕೆ, ಇನ್ನೊಂದು ಪಿಷ್ಟದ ಕಾರ್ಖಾನೆಗೆ. ಅಂಥದೊಂದು ಕಾರ್ಖಾನೆ ಶಿಗ್ಗಾಂವಿ ತಾಲ್ಲೂಕಿನ ಹುಲಸೋಗಿಯಲ್ಲೇ ಇದೆ. ಪಿಷ್ಟ ತೆಗೆಯಲು ಕಾಳನ್ನು ಗಂಧಕದ ಡೈಆಕ್ಸೈಡ್ ಬೆರೆಸಿದ, ಸುಮಾರು 50 ಡಿಗ್ರಿ ಬಿಸಿಯ ನೀರಿನಲ್ಲಿ ಒಂದೂವರೆ ಎರಡು ದಿನ ನೆನೆಸಿ, ಅರೆದು, ತೊಳೆಯುತ್ತಾರೆ. ತೊಳೆದ ನೀರಿನಲ್ಲಿ ಉಳಿಯುವುದು ಪಿಷ್ಟ, ಸಕ್ಕರೆ, ಪ್ರೋಟೀನು. ವಿಷವಲ್ಲ, ಅನ್ನವೇ.

ಆದರೆ ಈ ಅನ್ನ ಹೊಳೆಗೆ ಬಿದ್ದರೆ ಏನಾಗುತ್ತದೆ, ಲೆಕ್ಕ ಹಾಕೋಣ. ಒಂದು ಕಿಲೋ ಪಿಷ್ಟ ಪೂರ್ತಿ ಕೊಳೆಯಲು ಸುಮಾರು 1.2 ಕಿಲೋ ಆಮ್ಲಜನಕ ಬೇಕು. 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿರುವುದು ಎಂಟು ಮಿಲಿಗ್ರಾಂ ಮಾತ್ರ. ಅಂದರೆ ಒಂದು ಕಿಲೋ ಪಿಷ್ಟ ಸುಮಾರು ಒಂದೂವರೆ ಲಕ್ಷ ಲೀಟರ್ ಹೊಳೆನೀರಿನ ಉಸಿರನ್ನು ಕುಡಿಯಬಲ್ಲದು! ವರದೆಯಾಗಲಿ ಕುಮುದ್ವತಿಯಾಗಲಿ ಬೇಸಿಗೆಯಲ್ಲಿ ಹರಿಯುವುದೆಷ್ಟೆಂದು ನಿಮಗೇ ಗೊತ್ತು. ಕಾರ್ಖಾನೆಯ ನೀರು ಹೊಳೆಗೆ ಏನು ಮಾಡಬಲ್ಲದೆಂಬುದನ್ನು ಕುಮಾರಪಟ್ಟಣದ ಕೆಳಗಿನ ತುಂಗಭದ್ರೆಯ ದಂಡೆಯವರು 1980ರ ದಶಕದಲ್ಲಿ ಕಂಡು, ಸಮಾಜ ಪರಿವರ್ತನಾ ಸಮುದಾಯವೆಂಬ ಸಂಘಟನೆಯೊಂದಿಗೆ ಹೋರಾಡಿದರು.

ಇಂಥ ಕೊಳೆನೀರನ್ನು ತೊಟ್ಟಿಯಲ್ಲಿಟ್ಟು ಗಾಳಿ ಊದಿ ಶುದ್ಧಿ ಮಾಡಬಹುದು; ಅದಕ್ಕೆ ವಿದ್ಯುತ್ತು ಸುರಿಯಬೇಕು, ರಾಶಿ ಕೆಸರೂ ಉಳಿಯುತ್ತದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಕೆಸರು ತೀರ ಕಡಿಮೆ. ಲೆಕ್ಕದ ಪ್ರಕಾರ ಕಿಲೋ ಪಿಷ್ಟಕ್ಕೆ 400 ಲೀಟರಿನಷ್ಟು ಮೀಥೇನ್ ಸಿಗುತ್ತದೆ.

ಈ ತೊಟ್ಟಿಯನ್ನು ನೀವು ದನದ ಕೊಟ್ಟಿಗೆಯಲ್ಲಿ ಕಂಡಿದ್ದೀರಿ. ಹಸುವಿನ ಮೊದಲ ಹೊಟ್ಟೆಯೂ ಗಾಳಿಯಿಲ್ಲದ ಹುದುಗುವ ಪಾತ್ರೆಯೇ. ಹಗ್ಗ ಬಿಚ್ಚಿಕೊಂಡ ಎಮ್ಮೆ ಗೋವಿನಜೋಳದ ರಾಶಿಗೆ ಬಾಯಿ ಹಾಕಿದರೆ ಹುಳಿಯೇರಿ ನೆಲ ಹಿಡಿಯುತ್ತದೆ. ಡಾಕ್ಟರು ಬಂದು ಸೋಡಾ ಕುಡಿಸುತ್ತಾರೆ. ತೊಟ್ಟಿಯ ಕಾಯಿಲೆಯೂ ಇದೇ. ಪಿಷ್ಟವನ್ನು ಒಡೆದು ಹುಳಿ ಮಾಡುವ ಜೀವಿಗಳು ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ, ಹುಳಿಯನ್ನು ಮೀಥೇನ್ ಮಾಡುವವಕ್ಕೆ ದಿನಗಳೇ ಬೇಕು. ಒಮ್ಮೆಲೇ ಹೆಚ್ಚು ನೀರು ಬಿಟ್ಟರೆ ಹುಳಿ ಗೆಲ್ಲುತ್ತದೆ. ಆಗ ಊಟ ನಿಲ್ಲಿಸಬೇಕು, ಸುಣ್ಣವನ್ನೋ ಸೋಡಾವನ್ನೋ ಹಾಕಬೇಕು, ಕಾಯಬೇಕು. ಈ ನಿಧಾನದ ಜೀವಿಗಳು ಬ್ಯಾಕ್ಟೀರಿಯಾಗಳೇ ಅಲ್ಲ, ಬೇರೊಂದು ವಂಶವೆಂದು ವಿಜ್ಞಾನಿ ಕಾರ್ಲ್ ವೋಸ್ 1977ರಲ್ಲಿ ತೋರಿಸಿದರು.

ನಿಧಾನದವುಗಳನ್ನು ನೀರಿನೊಡನೆ ಕೊಚ್ಚಿಹೋಗದಂತೆ ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. 1970ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ಖಾಟ್ಸೆ ಲೆಟಿಂಗಾ ಅವರು, ಬೀಟ್ ಸಕ್ಕರೆ ಕಾರ್ಖಾನೆಯ ನೀರನ್ನು ತೊಟ್ಟಿಯ ತಳದಿಂದ ಮೆಲ್ಲಗೆ ಮೇಲೇರಿಸಿದರು. ಜೀವಿಗಳು ಒಂದಕ್ಕೊಂದು ಅಂಟಿಕೊಂಡು ನವಣೆಕಾಳಿನಂಥ ಹರಳಾಗಿ ತಳದಲ್ಲೇ ಉಳಿದವು. ಈ ವಿದ್ಯೆಗೆ ಅವರು ಪೇಟೆಂಟ್ ತೆಗೆದುಕೊಳ್ಳಲಿಲ್ಲ. ನನಗೆ ಅವರ ಮೇಲೆ ಗೌರವ ಇರುವುದು ಮುಖ್ಯವಾಗಿ ಇದಕ್ಕೆ. ಆ ಹರಳುಗಳು ಉಪವಾಸವನ್ನೂ ತಾಳುತ್ತವೆ. ದ್ರಾಕ್ಷಿ ಹಿಂಡುವ ಹಂಗಾಮಿನಲ್ಲಿ ಮಾತ್ರ ಕೊಳೆನೀರು ಬರುವ ವೈನ್ ಕಾರ್ಖಾನೆಗೂ ಆದ್ದರಿಂದಲೇ ಹೊಂದುತ್ತವೆ.

ಆದರೆ ಗಾಳಿಯಿಲ್ಲದ ತೊಟ್ಟಿಯೊಂದರಿಂದಲೇ ನೀರು ಹೊಳೆಗೆ ಬಿಡುವಷ್ಟು ಶುದ್ಧವಾಗುವುದಿಲ್ಲ, ಮುಂದೆ ಗಾಳಿಯ ತೊಟ್ಟಿ ಬೇಕೇ ಬೇಕು. ಜೊತೆಗೆ ನೆನೆಹಾಕಲು ಬಳಸಿದ ಗಂಧಕ ಗಾಳಿಯಿಲ್ಲದ ತೊಟ್ಟಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಆಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಅದರದು. ಹೆಚ್ಚಾದರೆ ಮೂಗನ್ನೇ ಮರಗಟ್ಟಿಸುತ್ತದೆ. ವಾಸನೆ ನಿಂತಿತೆಂದು ನಂಬಿದವನು ಸಾಯುತ್ತಾನೆ.

ವಿದ್ಯಾರ್ಥಿಗಳೆ, ನಿಮ್ಮಲ್ಲಿ ಕೆಲವರು ನಾಳೆ ಇಂಥ ತೊಟ್ಟಿಗಳ ಬಳಿ ಕೆಲಸಕ್ಕೆ ಸೇರುತ್ತೀರಿ. ಹಗೇವಿಗೆ ಇಳಿಬಿಟ್ಟ ಕಂದೀಲನ್ನು ಇಲ್ಲಿ ಇಳಿಬಿಡಬೇಡಿ, ಮೀಥೇನ್ ಹೊತ್ತಿಕೊಳ್ಳುತ್ತದೆ. ಅನಿಲ ಅಳೆಯುವ ಯಂತ್ರ ಕೇಳಿ. ಅದು ಬಂದು, ಅಪಾಯವಿಲ್ಲವೆಂದು ತೋರಿಸುವ ತನಕ ಮೇಸ್ತ್ರಿ ಎಷ್ಟು ಗದರಿದರೂ ಇಳಿಯಬೇಡಿ.