ಮೆರೂನ್ ಬಣ್ಣದ ಬೇರು



ಸೀರೆ ಅಂಗಡಿಯಲ್ಲಿ ‘ಮೆರೂನ್ ಬಣ್ಣದ್ದು ತೋರಿಸಿ’ ಎಂದು ಕೇಳದವರು ನಮ್ಮಲ್ಲಿ ಕಡಿಮೆ. ಹಾಗೆ ಕೇಳುವಾಗ ನಾವು ಹೇಳುತ್ತಿರುವುದು ಒಂದು ಕಾಯಿಯ ಹೆಸರನ್ನು ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿರಲಿಕ್ಕಿಲ್ಲ.

ಆ ಕಾಯಿಯೇ ಯುರೋಪಿನ ಸಿಹಿ ಚೆಸ್ಟ್‌ನಟ್. ಫ್ರೆಂಚರಲ್ಲಿ ಅದಕ್ಕೆ ಎರಡು ಹೆಸರು. ಲ್ಯಾಟಿನ್ನಿನ ‘ಕಸ್ತಾನಿಯ’ದಿಂದ ಬಂದ ‘ಶಾತೇನ್’ ಒಂದು, ಇಟಲಿಯ ‘ಮರೋನೆ’ಯಿಂದ ಬಂದ ‘ಮರೋಂ’ ಇನ್ನೊಂದು. ಮರದ ಜಾತಿ ಒಂದೇ. ಒಳಪೊರೆಯಿಂದ ಹೋಳಾಗದೆ ತಿರುಳು ಇಡಿಯಾಗಿ, ದಪ್ಪಗಿದ್ದರೆ ಅದು ಮರೋಂ. ಇಡಿಯಾಗಿರುವುದರಿಂದಲೇ ಅದನ್ನು ಸಕ್ಕರೆ ಪಾಕದಲ್ಲಿ ನೆನೆಸಿ ‘ಮರೋಂ ಗ್ಲಾಸೇ’ ಎಂಬ ಸಿಹಿ ಮಾಡುತ್ತಾರೆ. ದಕ್ಷಿಣ ಫ್ರಾನ್ಸಿನ ಪ್ರಿವಾ ಪಟ್ಟಣದಲ್ಲಿ ಕ್ಲೆಮಾಂ ಫೋಜಿಯೆ 1882ರಲ್ಲಿ ಇದಕ್ಕಾಗಿ ಕಾರ್ಖಾನೆಯನ್ನೇ ತೆರೆದ.

ಆದರೆ ಆ ಬೆಟ್ಟಗಾಡಿನ ಬಡವರಿಗೆ ಚೆಸ್ಟ್‌ನಟ್ ಎಂದರೆ ಹೊಟ್ಟೆಪಾಡು. ಗೋಧಿ ಸರಿಯಾಗಿ ಬೆಳೆಯದ ಕಡೆ ಅದನ್ನು ಒಣಗಿಸಿ, ಹಿಟ್ಟು ಮಾಡಿ ಉಣ್ಣುತ್ತಿದ್ದರು. ಮರಕ್ಕೆ ‘ರೊಟ್ಟಿಯ ಮರ’ ಎಂದೇ ಹೆಸರು ಬಿತ್ತು.

ಕಾಯಿಯ ಹೆಸರು ಅದರ ಸಿಪ್ಪೆಯ ಬಣ್ಣಕ್ಕೂ ಅಂಟಿಕೊಂಡಿತು. ಫ್ರೆಂಚರಿಗೆ ಮರೋಂ ಎಂದರೆ ಈಗಲೂ ಕಂದು. 18ನೇ ಶತಮಾನದ ಕೊನೆಯ ವೇಳೆಗೆ ಪದ ಇಂಗ್ಲಿಷಿಗೆ ಹೋಗಿ ಬಣ್ಣದ ಹೆಸರಾಯಿತು. ಅಲ್ಲಿ ಅದು ಕೆಂಪಿನತ್ತ ವಾಲಿತು. ನಮಗೆ ಬಂದದ್ದು ಆ ಇಂಗ್ಲಿಷ್ ಬಣ್ಣ.

ವೆಸ್ಟ್ ಇಂಡೀಸಿನಲ್ಲಿ ತಪ್ಪಿಸಿಕೊಂಡು ಕಾಡು ಸೇರಿದ ಗುಲಾಮರನ್ನೂ ‘ಮರೂನ್’ ಎನ್ನುತ್ತಾರೆ. ಅದಕ್ಕೂ ಕಾಯಿಗೂ ನಂಟಿಲ್ಲ. ಅದು ಸ್ಪ್ಯಾನಿಷಿನ ‘ಸಿಮರೋನ್’, ಊರು ಬಿಟ್ಟು ಬೆಟ್ಟ ಸೇರಿದ ದನಗಳಿಗೆ ಹೇಳುತ್ತಿದ್ದ ಮಾತು. ಜಮೈಕಾದಲ್ಲಿ ಇಂಥ ಜನರೊಡನೆ ಬ್ರಿಟಿಷರು 1739ರಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು.

ಇನ್ನೊಂದು ಗೊಂದಲ ಪ್ರಾಣಕ್ಕೇ ಸಂಬಂಧಿಸಿದ್ದು. ಪ್ಯಾರಿಸ್ಸಿನ ಉದ್ಯಾನಗಳಲ್ಲಿ ಶರತ್ಕಾಲಕ್ಕೆ ಉದುರುವ, ಹೊಳೆಯುವ ಕಾಯಿಗೆ ‘ಮರೋಂ ದ್ಯಾಂದ್’, ಅಂದರೆ ಭಾರತದ ಮರೋಂ ಎಂದು ಹೆಸರು. ಆ ಮರ ಭಾರತದ್ದಲ್ಲ. ಅದರ ತವರು ಬಾಲ್ಕನ್ ಬೆಟ್ಟಗಳು. 1576ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ವಿಯೆನ್ನಾಕ್ಕೆ ಬಂದು, ಅನಂತರ ಪ್ಯಾರಿಸ್ ಸೇರಿತು. ದೂರದಿಂದ ಬಂದದ್ದಕ್ಕೆಲ್ಲ ‘ಇಂಡಿಯಾ’ ಎನ್ನುವುದು ಅಂದಿನ ರೂಢಿ. ಅಮೆರಿಕದ ಟರ್ಕಿ ಕೋಳಿಯೂ ಅವರಿಗೆ ಇಂಡಿಯಾದ ಕೋಳಿಯೇ.

ಹೆಸರಿನಲ್ಲಿ ಮರೋಂ ಇದ್ದರೂ ಈ ಕಾಯಿ ವಿಷ. ತಿಂದರೆ ಹೊಟ್ಟೆನೋವು, ವಾಂತಿ. ಸಿಹಿ ಚೆಸ್ಟ್‌ನಟ್ ಎಂದು ಭ್ರಮಿಸಿ ಆರಿಸಿ ತಿಂದವರಿದ್ದಾರೆ. ಅದಕ್ಕೇ ಫ್ರಾನ್ಸಿನ ಆರೋಗ್ಯ ಅಧಿಕಾರಿಗಳು ಶರತ್ಕಾಲದಲ್ಲಿ ಎಚ್ಚರಿಕೆ ಕೊಡುತ್ತಾರೆ. ಗುರುತು ಸುಲಭ: ತಿನ್ನುವ ಕಾಯಿಯ ಹೊರಕವಚದ ತುಂಬ ಒತ್ತೊತ್ತಾಗಿ ಮುಳ್ಳು, ಒಳಗೆ ಎರಡು ಮೂರು ಚಪ್ಪಟೆ ಬೀಜ, ಪ್ರತಿ ಬೀಜಕ್ಕೂ ಚೂಪು ತುದಿ. ವಿಷದ್ದಕ್ಕೆ ಬಿಡಿಬಿಡಿ ಮುಳ್ಳು, ಒಳಗೆ ಸಾಮಾನ್ಯವಾಗಿ ಒಂದೇ ದುಂಡು ಬೀಜ, ತುದಿಯೇ ಇಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮರೋಂ ಎನಿಸಿಕೊಂಡದ್ದೆಲ್ಲ ತಿನ್ನುವ ಕಾಯಿಯೂ ಅಲ್ಲ. ಆ ದೇಶಕ್ಕೆ ಓದಲು, ದುಡಿಯಲು ಹೋಗುವ ನಮ್ಮ ಮಕ್ಕಳಿಗೆ ಇದೊಂದು ಮಾತು ಹೇಳಿ ಕಳಿಸಿ.