ಮೀನುಗಳ ಸ್ಕೂಲಿಗೆ ಮೇಷ್ಟ್ರಿಲ್ಲ

ಇಂಗ್ಲಿಷ್ ವ್ಯಾಕರಣದ ಪುಸ್ತಕದಲ್ಲಿ ‘ಕಲೆಕ್ಟಿವ್ ನೌನ್’ ಅಂತ ಒಂದು ಪಟ್ಟಿ ಇರುತ್ತದಲ್ಲ? ದನಗಳಿಗೆ ಹರ್ಡ್, ಜೇನಿಗೆ ಸ್ವಾರ್ಮ್, ಸಿಂಹಗಳಿಗೆ ಪ್ರೈಡ್ ಎನ್ನುತ್ತಾ ಸಾಗುವ ಆ ಪಟ್ಟಿ ಮೀನುಗಳ ಹತ್ತಿರ ಬಂದಾಗ ‘ಸ್ಕೂಲ್’ ಎಂದುಬಿಡುತ್ತದೆ. ಎ ಸ್ಕೂಲ್ ಆಫ್ ಫಿಶ್! ಗುಂಪಿಗೊಂದು ಹೆಸರಿಡುವುದು ನಮ್ಮಲ್ಲೂ ಉಂಟು: ಕುರಿಮಂದೆ, ಆನೆಹಿಂಡು, ಬಾಳೆಗೊನೆ, ಬೀಗದ ಕೈ ಗೊಂಚಲು. ಆದರೆ ಮೀನುಗಳನ್ನು ನಾವು ಯಾವತ್ತೂ ಶಾಲೆಗೆ ಸೇರಿಸಿದವರಲ್ಲ.

ಇಂಗ್ಲಿಷಿನವರೂ ಸೇರಿಸಿಲ್ಲ ಅನ್ನಿ. ಕಾಗುಣಿತ ಒಂದೇ ಆದರೂ ಇವು ಬೇರೆ ಬೇರೆ ಪದಗಳು. ನೀವು ಚೀಲ ಹೊತ್ತು ಹೋಗುವ ಸ್ಕೂಲ್ ಗ್ರೀಕ್ ಭಾಷೆಯಲ್ಲಿ ಹುಟ್ಟಿ, ಲ್ಯಾಟಿನ್ ದಾಟಿ ಬಂದದ್ದು. ಗ್ರೀಕಿನಲ್ಲಿ ಅದಕ್ಕೆ ‘ಬಿಡುವು’ ಎಂಬ ಅರ್ಥವಿತ್ತು ಎಂದರೆ ನೀವು ನಂಬಲಿಕ್ಕಿಲ್ಲ! ಮೀನಿನ ಸ್ಕೂಲ್ ಹಳೆಯ ಡಚ್ ಭಾಷೆಯದು, ಅಲ್ಲಿ ಅದರ ಅರ್ಥ ದಂಡು, ಗುಂಪು.

ಬಳಸುವ ಕ್ರಮ ಸುಲಭ. ಗುಂಪು ಒಂದೇ ಇದ್ದರೆ ‘ಎ ಸ್ಕೂಲ್ ಆಫ್ ಫಿಶ್’, ಎರಡಿದ್ದರೆ ‘ಟೂ ಸ್ಕೂಲ್ಸ್ ಆಫ್ ಫಿಶ್’. ಗುಂಪಿನಲ್ಲಿ ಸಾವಿರ ಮೀನಿದ್ದರೂ ಗುಂಪು ಒಂದೇ ತಾನೇ? ಅದಕ್ಕೇ ನಮ್ಮ ಪಠ್ಯಗಳಲ್ಲಿ ಕ್ರಿಯಾಪದ ಏಕವಚನದಲ್ಲಿರುತ್ತದೆ: ‘ಎ ಸ್ಕೂಲ್ ಆಫ್ ಫಿಶ್ ಈಸ್ ಸ್ವಿಮ್ಮಿಂಗ್’. ತಿಮಿಂಗಿಲಗಳ ಗುಂಪಿಗೂ ಸ್ಕೂಲ್ ಎನ್ನುವವರಿದ್ದಾರೆ, ಅವು ಮೀನುಗಳಲ್ಲದಿದ್ದರೂ.

ಇಷ್ಟೇ ಆಗಿದ್ದರೆ ಇದು ವ್ಯಾಕರಣದ ಪಾಠವಾಗಿ ಮುಗಿಯುತ್ತಿತ್ತು. ಈ ಪಟ್ಟಿಯ ಎಷ್ಟೋ ಹೆಸರುಗಳು ಬರೀ ಅಲಂಕಾರಕ್ಕೆ ಇರುವಂಥವು. ಕಾಗೆಗಳ ಗುಂಪಿಗೆ ‘ಮರ್ಡರ್’ ಎನ್ನುತ್ತಾರಂತೆ! ಪಕ್ಷಿ ವಿಜ್ಞಾನಿಗಳು ತಮ್ಮ ಬರಹಗಳಲ್ಲಿ ಅದನ್ನು ಬಳಸುವುದಿಲ್ಲ, ಬಳಸಬೇಕಾದ ಅಗತ್ಯವೂ ಇಲ್ಲ. ಸ್ಕೂಲ್ ಹಾಗಲ್ಲ. ಮೀನುಗಳನ್ನು ಅಧ್ಯಯನ ಮಾಡುವವರಿಗೆ ಅದು ದಿನವೂ ಬೇಕಾಗುವ ಪದ.

ಅವರ ಬಳಿ ಎರಡು ಪದಗಳಿವೆ: ಶೋಲ್ ಮತ್ತು ಸ್ಕೂಲ್. ಮೀನುಗಳು ಜೊತೆ ಬೇಕೆಂದು ಒಂದೆಡೆ ಸೇರಿದ್ದರೆ ಸಾಕು, ಅದು ಶೋಲ್. ಒಂದು ಆ ಕಡೆ ಮುಖ ಮಾಡಿರಬಹುದು, ಇನ್ನೊಂದು ಪಾಚಿ ಮೇಯುತ್ತಿರಬಹುದು. ಅವೇ ಮೀನುಗಳು ಒಂದೇ ದಿಕ್ಕಿಗೆ ತಿರುಗಿ, ಒಂದೇ ವೇಗದಲ್ಲಿ, ನಡುವಿನ ಅಂತರ ಕಾಯ್ದುಕೊಂಡು ಈಜತೊಡಗಿದರೆ ಅದು ಸ್ಕೂಲ್. ಊಟದ ಬಿಡುವಿನಲ್ಲಿ ನಿಮ್ಮ ಶಾಲೆಯ ಮೈದಾನ ಹೇಗಿರುತ್ತದೆ, ಅದೇ ಮೈದಾನ ಸ್ವಾತಂತ್ರ್ಯ ದಿನದ ಕವಾಯತಿನಲ್ಲಿ ಹೇಗಿರುತ್ತದೆ ಎಂದು ನೆನೆಸಿಕೊಳ್ಳಿ. ಮಕ್ಕಳು ಅವರೇ, ಮೈದಾನವೂ ಅದೇ. ಹಾಗಾಗಿ ಸ್ಕೂಲ್ ಎಂಬುದು ಒಂದು ಗುಂಪಿನ ಹೆಸರು ಎನ್ನುವುದಕ್ಕಿಂತ ಅದು ಆ ಗಳಿಗೆಯಲ್ಲಿ ಮಾಡುತ್ತಿರುವ ಕೆಲಸದ ಹೆಸರು. ಈಗ ಸ್ಕೂಲ್ ಆಗಿದ್ದದ್ದು ತಿನ್ನಲು ಏನಾದರೂ ಸಿಕ್ಕರೆ ಮರುಕ್ಷಣ ಶೋಲ್ ಆಗಿಬಿಡಬಹುದು. ದಿನಬಳಕೆಯ ಮಾತಿನಲ್ಲಿ ಇಂಗ್ಲಿಷಿನವರು ಇಷ್ಟು ಕಟ್ಟುನಿಟ್ಟಾಗಿಲ್ಲ, ಎರಡನ್ನೂ ಬೆರೆಸಿಬಿಡುತ್ತಾರೆ.

ಕವಾಯತಿಗೆ ಸೀಟಿ ಊದುವವರು ಒಬ್ಬರಿರುತ್ತಾರೆ. ಮೀನುಗಳಿಗೆ ಯಾರು? ಯಾರೂ ಇಲ್ಲ. ಗುಂಪು ಪಕ್ಕಕ್ಕೆ ತಿರುಗಿದರೆ ಮುಂದಿದ್ದ ಮೀನು ಅಂಚಿಗೆ ಹೋಗುತ್ತದೆ, ಅಂಚಿನಲ್ಲಿದ್ದದ್ದು ಮುಂದೆ ಬರುತ್ತದೆ. ಪ್ರತಿ ಮೀನೂ ಗಮನಿಸುವುದು ತನ್ನ ಅಕ್ಕಪಕ್ಕದವನ್ನು ಮಾತ್ರ. ಕಣ್ಣಿನಿಂದ ನೋಡುತ್ತದೆ, ಮೈಯಿಂದಲೂ ತಿಳಿಯುತ್ತದೆ. ಎಷ್ಟೋ ಮೀನುಗಳ ಪಕ್ಕೆಯಲ್ಲಿ ತಲೆಯಿಂದ ಬಾಲದವರೆಗೆ ಒಂದು ತೆಳು ಗೆರೆ ಇರುತ್ತದೆ. ಅದೇ ಪಾರ್ಶ್ವರೇಖೆ. ಅದರಲ್ಲಿ ನಮ್ಮ ಒಳಗಿವಿಯಲ್ಲಿ ಇರುವಂಥದೇ ರೋಮಕೋಶಗಳಿವೆ. ಪಕ್ಕದ ಮೀನು ಬಾಲ ಬೀಸಿದಾಗ ನೀರು ಅಲುಗಿದ್ದು ಅವಕ್ಕೆ ತಿಳಿಯುತ್ತದೆ. ಮನೆಗೆ ತಂದ ಮೀನಿನಲ್ಲಿ ಹುಡುಕುವುದಾದರೆ ರೋಹುವಿನಲ್ಲಿ ಹುಡುಕಿ. ಬೂತಾಯಿಯ ಪಕ್ಕೆಯಲ್ಲಿ ಈ ಗೆರೆ ಕಾಣುವುದಿಲ್ಲ, ಅದರ ಪಾರ್ಶ್ವರೇಖೆಯ ನಾಳಗಳೆಲ್ಲ ತಲೆಯ ಮೇಲೆ ಕವಲೊಡೆದಿರುತ್ತವೆ.

ಈ ಗೆರೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ? ಪಿಚರ್, ಪಾರ್ಟ್ರಿಜ್, ವಾರ್ಡಲ್ ಎಂಬ ಮೂವರು ವಿಜ್ಞಾನಿಗಳು ಸೇತ್ ಎಂಬ ಕಡಲಮೀನಿನ ಕಣ್ಣುಗಳಿಗೆ ತಾತ್ಕಾಲಿಕವಾಗಿ ಮುಚ್ಚಳ ತೊಡಿಸಿದರು. ಬಳೆಯಾಕಾರದ ತೊಟ್ಟಿಯಲ್ಲಿ 25 ಮೀನುಗಳು ಗುಂಪಾಗಿ ಸುತ್ತುತ್ತಿದ್ದವು. ಏನೂ ಕಾಣದ ಮೀನು ಅವುಗಳೊಳಗೆ ಸೇರಿಕೊಂಡು ಜೊತೆಗೇ ಈಜಿತು! ಪಾರ್ಶ್ವರೇಖೆಯ ನರವನ್ನೂ ಕತ್ತರಿಸಿದಾಗ ಮಾತ್ರ ಅದಕ್ಕೆ ಸಾಧ್ಯವಾಗಲಿಲ್ಲ. ಇದು 1976ರಲ್ಲಿ ಪ್ರಕಟವಾದ ಪ್ರಯೋಗ. ಮೀನಿಗೆ ನೋವು ಕೊಟ್ಟು ಕಲಿಯಬೇಕಿತ್ತೇ ಎಂದು ನೀವು ಕೇಳಿದರೆ, ಕೇಳತಕ್ಕ ಪ್ರಶ್ನೆಯೇ ಅದು.

ಇಷ್ಟೆಲ್ಲ ಶಿಸ್ತಿನಿಂದ ಮೀನಿಗೇನು ಲಾಭ? 1986ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಬಾಸ್ ಎಂಬ ಬೇಟೆಗಾರ ಮೀನಿನ ಮುಂದೆ ಬೆಳ್ಳಿಬಣ್ಣದ ಪುಟ್ಟ ಮೀನುಗಳನ್ನು ಬಿಟ್ಟರು. ಒಂಟಿ ಮೀನು ಬೇಗ ಬಾಯಿಗೆ ಬಿತ್ತು. ಗುಂಪಿನಲ್ಲಿ ಎಂಟು ಮೀನುಗಳಾದಾಗ ಬಾಸ್‌ಗೆ ಹಿಡಿಯುವುದು ಬಹಳ ಕಷ್ಟವಾಯಿತು. ಎಲ್ಲವೂ ಒಂದೇ ಥರ ಕಾಣುತ್ತಾ ಒಟ್ಟಿಗೇ ಸರಿದಾಡುವಾಗ, ಒಂದರ ಮೇಲೆ ಕಣ್ಣು ನೆಡುವಷ್ಟರಲ್ಲಿ ಇನ್ನೊಂದು ಅಡ್ಡ ಬರುತ್ತದೆ. ಆಮೇಲೆ ಎಂಟರಲ್ಲಿ ಒಂದೆರಡಕ್ಕೆ ನೀಲಿ ಬಣ್ಣ ಹಾಕಿದರು. ಬೇಟೆ ಮತ್ತೆ ಸುಲಭವಾಯಿತು. ಸ್ಕೂಲಿನ ಮೀನುಗಳು ಸಾಮಾನ್ಯವಾಗಿ ಒಂದೇ ಜಾತಿ, ಒಂದೇ ಗಾತ್ರದವು ಇರುವುದಕ್ಕೆ ಇದೂ ಒಂದು ಕಾರಣ.

ಒಂದು ಗುಂಪು ಎಷ್ಟು ದೊಡ್ಡದಾಗಬಹುದು? 2006ರಲ್ಲಿ ಅಮೆರಿಕದ ಪೂರ್ವ ಕರಾವಳಿಯಾಚೆ, ಜಾರ್ಜಸ್ ಬ್ಯಾಂಕ್ ಎಂಬಲ್ಲಿ ವಿಜ್ಞಾನಿಗಳು ಧ್ವನಿ ತರಂಗಗಳನ್ನು ಹಾಯಿಸಿ ಹೇರಿಂಗ್ ಮೀನುಗಳನ್ನು ಗಮನಿಸಿದರು. ಸಂಜೆಯ ಹೊತ್ತಿಗೆ ಮೀನುಗಳು ಚದುರಿದ್ದವು. ಐದು ಚದರ ಮೀಟರಿಗೆ ಒಂದರಂತೆ ಸಾಂದ್ರತೆ ಏರಿದ್ದೇ ತಡ, ಗುಂಪುಗೂಡುವಿಕೆ ಅಲೆಯಂತೆ ಹಬ್ಬಿ, ಸುಮಾರು 25 ಕೋಟಿ ಮೀನುಗಳ ದಂಡು ಹತ್ತಾರು ಕಿಲೋಮೀಟರ್ ಉದ್ದಕ್ಕೆ ಕಟ್ಟಿಕೊಂಡಿತು. ಮೊಟ್ಟೆಯಿಡುವ ಜಾಗಕ್ಕೆ ಅವು ಒಟ್ಟಾಗಿ ಹೊರಟಿದ್ದವು.

ಬಾಸ್ ಮೀನನ್ನು ಗಲಿಬಿಲಿಗೊಳಿಸುವ ಈ ಉಪಾಯ ಮನುಷ್ಯನ ಮುಂದೆ ನಡೆಯುವುದಿಲ್ಲ, ಅವನು ಒಂದೊಂದನ್ನೇ ಗುರಿಯಿಟ್ಟು ಹಿಡಿಯುವವನಲ್ಲವಲ್ಲ. ನಮ್ಮ ಕರಾವಳಿಯ ರಂಪಣಿ ಬಲೆ ಮೀನುಗಳು ಹೀಗೆ ಗುಂಪುಗೂಡುವುದನ್ನೇ ನೆಚ್ಚಿಕೊಂಡಿತ್ತು. ಬೂತಾಯಿ, ಬಂಗುಡೆಯ ದಂಡು ದಡದ ಹತ್ತಿರ ಬಂದದ್ದನ್ನು ನೀರಿನ ಬಣ್ಣ ನೋಡಿಯೇ ಬಲ್ಲವರು ಗುರುತಿಸುತ್ತಿದ್ದರು. ದೋಣಿಯಲ್ಲಿ ಹೋಗಿ ದಂಡಿನ ಸುತ್ತ ಉದ್ದನೆಯ ಬಲೆ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದರು. 1970ರ ದಶಕದಲ್ಲಿ ಪರ್ಸೀನ್ ಬಲೆಯ ಯಂತ್ರದೋಣಿಗಳು ಬಂದ ಮೇಲೆ ದಂಡು ದಡಕ್ಕೆ ಬರುವವರೆಗೆ ಕಾಯುವ ಪ್ರಮೇಯ ಉಳಿಯಲಿಲ್ಲ. ಕಡಲಲ್ಲೇ ಬಲೆ ಸುತ್ತುಗಟ್ಟಿ, ಅಡಿಯಲ್ಲಿ ಹಗ್ಗ ಬಿಗಿದುಬಿಟ್ಟರೆ ಇಡೀ ಸ್ಕೂಲ್ ಒಳಗೆ. ರಂಪಣಿ ಕ್ರಮೇಣ ಹಿಂದೆ ಸರಿಯಿತು. ಅದರ ಚಿಕ್ಕ ತಂಗಿ ಕೈರಂಪಣಿಯನ್ನು ಮಾತ್ರ ಕೆಲವು ದಡಗಳಲ್ಲಿ ಈಗಲೂ ಎಳೆಯುತ್ತಾರೆ.